ಜೇನುತಾತನ ಅಂಗಿ

ಜೇನುತಾತ ಎಂದರೆ ನನಗೆ ಮೊದಲು ಕಾಣುವುದು ಅವನ ಕತ್ತಿನ ಗುಂಡಿ. ನೆಲಮಂಗಲದ ಸುಡುಬಿಸಿಲಲ್ಲೂ ಅಂಗಿಯ ಗುಂಡಿಗಳನ್ನೆಲ್ಲ ಗಂಟಲವರೆಗೆ ಹಾಕಿಕೊಂಡು, ಜೇನಿನ ಡಬ್ಬ ಹಿಡಿದು ನಮ್ಮ ಬೀದಿಗೆ ಬರುತ್ತಿದ್ದ. ಊರಾಚೆ ಗುಡ್ಡದ ಬುಡದಲ್ಲಿರುವ ಇರುಳಿಗ ಬುಡಕಟ್ಟಿನವರ ಹಟ್ಟಿ ಅವನದು. "ಸೆಕೆ ಆಗಲ್ವಾ ತಾತ?" ಎಂದು ಛೇಡಿಸಿದರೆ, "ಆಗ್ಲಿ ಬುಡವ್ವ, ಅಂಗಿ ಇರಾದೇ ಹಾಕ್ಕಳಕ್ಕೆ" ಎನ್ನುತ್ತಿದ್ದ.

1990ರ ಆಸುಪಾಸು. ಪಿಯುಸಿ ಓದುತ್ತಿದ್ದ ನಾನು ಜಗಲಿಯಲ್ಲಿ ಪುಸ್ತಕ ಬಿಡಿಸಿ ಕೂತಿದ್ದೆ. ಪುಟದಲ್ಲೊಂದು ಹಳೆಯ ಫೋಟೋ: ಬರಿಮೈ ಹುಡುಗ, ಕೈಯಲ್ಲಿ ಬಿಲ್ಲು. ಕೆಳಗೆ 'ಆದಿಮ ಬುಡಕಟ್ಟಿನ ಯುವಕ' ಎಂದಿತ್ತು. ತಾತ ಡಬ್ಬ ಇಳಿಸಿ ಬಹಳ ಹೊತ್ತು ನೋಡಿದ. ಯಾರಿವನು ಎಂದು ಕೇಳುತ್ತಾನೆಂದುಕೊಂಡೆ.

"ಇವ್ನ ಅಂಗಿ ಎಲ್ಲಿ ಮಡಗವ್ರೆ?"

"ಇವ್ರು ಅಂಗಿ ಹಾಕೋರಲ್ಲ ತಾತ, ಪಾಠ ಇರೋದೇ ಹಂಗೆ" ಎಂದು ನಕ್ಕೆ. ತಾತ ನಗಲಿಲ್ಲ.

"ನಾನಿನ್ನೂ ಹುಡ್ಗ. ಬಿಳೀ ದೊರೆ ಬತ್ತಾನೆ ಅಂತ ನಮ್ಮವ್ವ ಇದ್ದೊಂದು ಅಂಗಿನ ಒಗ್ದು ನಂಗೆ ತೊಡ್ಸಿದ್ಲು. ಅವ್ನು ಕಬ್ಬಿಣದ ಇಕ್ಕಳ ತಂದು ಮೂಗಳೆದ, ತಲೆ ಅಳೆದ. ಫೋಟೋಕ್ಕೆ ಅಂಗಿ ಬಿಚ್ಚು ಅಂದ. ಬೇಲಿ ಮ್ಯಾಲೆ ಹಾಕ್ದೆ. ಯಾರ್ದೋ ಬಿಲ್ಲು ಕೊಟ್ಟು ನಿಲ್ಸಿದ. ನಾನು ಅಂಗಿನೇ ನೋಡ್ತಾ ನಿಂತಿದ್ದೆ ಕಣವ್ವ. ಗಾಳಿಗೆ ಆಡ್ತಿತ್ತು."

ಹೇಳುತ್ತ ತಾತ ಎದುರು ಮನೆಯ ಬೇಲಿಯ ಕಡೆ ನೋಡುತ್ತಿದ್ದ. ತುಮಕೂರು ರಸ್ತೆಯ ಲಾರಿಗಳ ಸದ್ದು ಎಲ್ಲೋ ದೂರಕ್ಕೆ ಸರಿಯಿತು. ನನಗೂ ಒಂದು ಪುಟ್ಟ ಅಂಗಿ ಕಂಡಿತು, ತೋಳು ಬೀಸುತ್ತ, ಯಾರನ್ನೋ ಕರೆಯುತ್ತಿರುವಂತೆ.

ಮುಂದೆ ದಪ್ಪದಪ್ಪ ಪುಸ್ತಕಗಳನ್ನು ಓದಿದೆ. ಮೂಗಿನ ಅಗಲ, ತಲೆಯ ಉದ್ದ ನೋಡಿ ಆ ದೊರೆಗಳು ಮನುಷ್ಯರನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ್ದರು. ಮೇಲಿನ ಮೆಟ್ಟಿಲು ಅವರದೇ, ಹೇಳಬೇಕೇ! ಕೆಳಗಿನವರು ಸಾವಿರಾರು ವರ್ಷ ಹಿಂದಿನವರಂತೆ. ಎದುರಿಗೆ ಉಸಿರಾಡುತ್ತ ನಿಂತ ಹುಡುಗನನ್ನೇ ಹಳೆಯ ಕಾಲಕ್ಕೆ ಅಟ್ಟಿಬಿಟ್ಟಿದ್ದರು. ಅಂಥ ಫೋಟೋ ಕಂಡಾಗಲೆಲ್ಲ ನಾನು ಈಗಲೂ ಚಿತ್ರದಾಚೆಯ ಬೇಲಿ ಹುಡುಕುತ್ತೇನೆ. ನನಗೆ ಓದುವುದನ್ನು ಕಲಿಸಿದವನು ತಾತನೇ.

ತಾತ ತೀರಿಕೊಂಡ ದಿನ ಹಟ್ಟಿಗೆ ಹೋದೆ. ಮೈ ತೊಳೆಯಲೆಂದು ಯಾರೋ ಅಂಗಿಯ ಗುಂಡಿಗೆ ಕೈ ಹಾಕಿದರು. ತಲೆಯ ಬಳಿ ಕೂತಿದ್ದ ಅವನ ಹೆಂಡತಿ ಆ ಕೈ ಹಿಡಿದುಕೊಂಡಳು.

"ಬಿಚ್ಚಬ್ಯಾಡ್ರಪ್ಪ. ಒಂದ್ಸಲ ಬಿಚ್ಸಿದ್ದೇ ಸಾಕು."

ಅಂಗಿಯ ಮೇಲೆಯೇ ನೀರು ಹೊಯ್ದರು. ಕತ್ತಿನ ಗುಂಡಿ ಹಾಕಿಯೇ ಇತ್ತು.