ನೋಡದೆ ಕೊಟ್ಟ ಆರು ಲ್ಯಾಪ್‌ಟಾಪ್

ಲುವೋ ಜಿನ್‌ಶುಯಿ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ತೈಪೆಯ ಗುವಾಂಗ್‌ಹುವಾ ಮಾರುಕಟ್ಟೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವವರು ಬೇಕಾದಷ್ಟು ಜನ. ಯಂತ್ರ ನಡೆಸುವ ಪುಕ್ಕಟೆ ತಂತ್ರಾಂಶವಾದ ಲಿನಕ್ಸ್ ಬೇಕೆನ್ನುವವರು ಮಾತ್ರ ಅವನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು.

ಯಂತ್ರ ತಂಟೆ ಮಾಡದಿರಲೆಂದು ‘ಜಾಣನಾಗಿರು’ ಎಂಬರ್ಥದ ಹೆಸರಿನ ಕುರುಕಲು ತಿಂಡಿಯ ಹಸಿರು ಪೊಟ್ಟಣವೊಂದನ್ನು ಅದರ ಮೇಲೆ ಇಡುವುದು ಅಲ್ಲಿ ಎಲ್ಲರ ರೂಢಿ. ಮೊದಲು ಪೊಟ್ಟಣ, ಆಮೇಲೆ ದೇವರಿಟ್ಟ ಹಾಗೆ. ಜಿನ್‌ಶುಯಿಯದು ತಿರುಗಾಮುರುಗಾ. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಚುಚ್ಚಿ ಯಂತ್ರ ಎಬ್ಬಿಸುವನು. ವೈಫೈ ಸಿಕ್ಕಿತೇ, ಸದ್ದು ಬಂತೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಯಿತೇ? ಎಲ್ಲ ಸರಿಯಿದ್ದರೆ ಮಾತ್ರ ಪೊಟ್ಟಣ. ಒಂದೇ ಮಾದರಿಯವಾದರೂ ಒಂದೊಂದನ್ನೂ ನೋಡುವನು. ಹೊರಗಿನ ಹೆಸರು ಒಂದೇ ಇದ್ದರೂ ಒಳಗಿನ ವೈಫೈ ಚಿಪ್ ಬೇರೆ ಇರುತ್ತದೆ. ಲಿನಕ್ಸ್ ಒಂದನ್ನು ಗುರುತಿಸುತ್ತದೆ, ಇನ್ನೊಂದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಒಂದು ದಿನ ಅವನು ಹಲ್ಲು ಕೀಳಿಸಲು ಹೋಗಿದ್ದ. ಪಕ್ಕದ ಕೇಬಲ್ ಅಂಗಡಿಯ ಆ-ಫೆನ್ ಇವನ ಅಂಗಡಿ ನೋಡಿಕೊಳ್ಳುತ್ತಿದ್ದಳು. ಆಗತಾನೆ ಬಂದಿಳಿದ ಆರು ಲ್ಯಾಪ್‌ಟಾಪ್ ಬೋಳುಬೋಳಾಗಿ ಕಂಡವು. ಒಳ್ಳೆಯದಾಗಲಿ ಎಂದು ಎಲ್ಲದರ ಮೇಲೂ ಪೊಟ್ಟಣ ಇಟ್ಟಳು. ಪೂರ್ವ ಕರಾವಳಿಯ ಮೀನುಗಾರರ ಊರಲ್ಲಿ ವಾಚನಾಲಯ ನಡೆಸುವ ಪಾನ್ ಯುಲಾನ್ ಬಂದರು, ಪೊಟ್ಟಣ ನೋಡಿದರು, ಆರನ್ನೂ ಒಂದು ಲಿನಕ್ಸ್ ಪೆನ್‌ಡ್ರೈವ್ ಜೊತೆ ಕಟ್ಟಿಸಿಕೊಂಡು ರೈಲು ಹತ್ತಿದರು.

ಕೆನ್ನೆ ಊದಿಸಿಕೊಂಡು ಬಂದ ಜಿನ್‌ಶುಯಿ ಆ-ಫೆನ್ ಬಾಯಿಂದ ಸುದ್ದಿ ಕೇಳಿ ನಿಂತುಬಿಟ್ಟ.

“ಅಯ್ಯೋ ಶುಯಿ ಅಣ್ಣ, ಪೊಟ್ಟಣ ತಾನೇ ಇಟ್ಟಿದ್ದು, ಬಾಂಬಲ್ವಲ್ಲ! ಏನಾದ್ರೂ ಆದ್ರೆ ಅವ್ರೇ ಫೋನ್ ಮಾಡ್ತಾರೆ ಬಿಡು.”

“ಮಾಡಲ್ಲ ಕಣೇ. ಲಿನಕ್ಸ್ ಅಂದ್ರೆ ಇಷ್ಟೇ ಅಂದ್ಕೊಂಡು ಮೂಲೆಗಿಡ್ತಾರೆ. ನಾನು ನೋಡಿದೀನಿ ಅಂತ ನಂಬಿ ತಗೊಂಡೋಗಿದಾರೆ.”

ಹೆಂಡತಿ ಶಿಯಾ ಕಾಯಿಸಿಟ್ಟ ಗಂಜಿಯನ್ನು ಅವನು ಮುಟ್ಟಲಿಲ್ಲ. ಬೆಳಿಗ್ಗೆ ಲಿನಕ್ಸ್‌ಗೆ ಒಗ್ಗುವ ಒಂದಷ್ಟು ವೈಫೈ ಕಾರ್ಡು, ತಿರುಪುಳಿ, ತನ್ನದೇ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಪಾನ್ ಅವರ ಊರಿಗೆ ಹೊರಟ. ಊದಿದ ಮುಖ ನೋಡಿ ಶಿಯಾಳೂ ಜೊತೆಗೆ ಹೋದಳು.

ವಾಚನಾಲಯದ ಬಾಗಿಲಲ್ಲಿ ಇಬ್ಬರನ್ನೂ ಕಂಡು ಪಾನ್ ಗಾಬರಿಯಾದರು. “ಏನ್ ಯಜಮಾನ್ರೇ, ದುಡ್ಡೇನಾದ್ರೂ ಕಮ್ಮಿ ಕೊಟ್ನಾ?”

“ಇಲ್ಲ ಅಕ್ಕ. ನೋಡದೆ ಕೊಟ್ಬಿಟ್ಟಿದೀವಿ. ಈಗ ನೋಡ್ತೀನಿ.”

“ಎರಡ್ರಲ್ಲಿ ವೈಫೈ ಬರ್ಲಿಲ್ಲ. ನಂಗೇ ಬಳಸೋಕೆ ಗೊತ್ತಿಲ್ಲ ಅಂದ್ಕೊಂಡೆ.”

“ತಪ್ಪು ನಿಮ್ದಲ್ಲ” ಎಂದ. ಆ ಎರಡರ ತಳ ಬಿಚ್ಚಿ ಕಾರ್ಡು ಬದಲಿಸಿದ. ಬಂತು. ಆಮೇಲೆ ಒಂದೊಂದರದೂ ಮುಚ್ಚಳ ಮುಚ್ಚಿ ತೆರೆದ. ಐದು ಎಚ್ಚರವಾದವು. ಆರನೆಯದು ಕಪ್ಪಾಗಿಯೇ ಕೂತಿತು. ಏನೆಲ್ಲ ಮಾಡಿದರೂ ಏಳಲಿಲ್ಲ.

“ಇರ್ಲಿ ಬಿಡಿ, ಮುಚ್ಚೋದೇ ಬೇಡ” ಎಂದರು ಪಾನ್.

ಅವನು ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದ. ಅದರಲ್ಲಿದ್ದ ತನ್ನ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು, ಅಂಗಿಯ ತುದಿಯಿಂದ ಒರೆಸಿ, ಆರನೆಯದರ ಜಾಗದಲ್ಲಿ ಇಟ್ಟ.

“ನಿಂದನ್ನೇ ಕೊಡ್ತೀಯಾ?” ಎಂದಳು ಶಿಯಾ.

“ಇದು ಏಳುತ್ತೆ. ನಂಗೊತ್ತು.”

ಏಳದ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಶಿಯಾ ಸ್ಟೇಷನ್ನಿಗೆ ನಡೆದಳು. ಯಾವಾಗಲೂ ಗಂಡನ ಹಿಂದೆ ನಡೆಯುವವಳು ಅವತ್ತು ಪಕ್ಕದಲ್ಲೇ ನಡೆದಳು, ಇವನು ತನ್ನ ಗಂಡನೆಂದು ದಾರಿಯವರೆಲ್ಲ ನೋಡಲಿ ಎಂದು.