ಎರಡನೇ ಟೀಚರು

ಹುಣಸೇಕಟ್ಟೆ ಕೊಪ್ಪಲಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಸಿಬ್ಬಂದಿ ಸಭೆ ನಡೆಯುತ್ತದೆ. ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ವೇದವಲ್ಲಿ ಮೇಜಿನ ಮುಂದೆ ಕೂತು ನಡಾವಳಿ ಪುಸ್ತಕ ತೆರೆಯುತ್ತಾಳೆ. ಅಧ್ಯಕ್ಷತೆ: ವೇದವಲ್ಲಿ. ಹಾಜರಿದ್ದವರು: ವೇದವಲ್ಲಿ. ಗೈರುಹಾಜರಾದವರು: ಯಾರೂ ಇಲ್ಲ. ನಲಿಕಲಿ ಮಕ್ಕಳ ಓದು, ಬಿಸಿಯೂಟದ ಬೇಳೆ, ಸೋರುವ ಮೂಲೆ, ಹೀಗೆ ಚರ್ಚೆಯಾದ ವಿಷಯಗಳನ್ನು ಒಂದೊಂದಾಗಿ ಬರೆದು, ಕೊನೆಗೆ "ಸಭೆಗೆ ಬಂದು ಸಹಕರಿಸಿದ ಎಲ್ಲರಿಗೂ ವಂದನೆಗಳನ್ನು ಸಲ್ಲಿಸಲಾಯಿತು" ಎಂದು ಮುಗಿಸಿ ಸಹಿ ಹಾಕುತ್ತಾಳೆ. ಹನ್ನೊಂದು ವರ್ಷದಿಂದ ಒಂದು ಸಭೆಯೂ ತಪ್ಪಿಲ್ಲ.

ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಮಧುಕುಮಾರ್ ಜುಲೈಯಲ್ಲಿ ಬಂದಾಗ ಆ ಪುಸ್ತಕ ತಿರುವಿ ನಕ್ಕ.

"ಸಭೇಲಿ ಜಗಳ ಗಿಗಳ ಏನೂ ಆಗಿಲ್ವಾ ಮೇಡಂ?"

"ಒಂದ್ಸಲ ಆಯ್ತು ಸಾರ್. ಬರೀಲಿಲ್ಲ."

ಅವನು ಇನ್ನೂ ನಗುತ್ತಿರುವಾಗಲೇ ಚೀಲದಿಂದ ಎರಡು ನಮೂನೆ ತೆಗೆದಿಟ್ಟ. ಶಾಲೆಯ ಮೌಲ್ಯಮಾಪನ. ಶಾಲೆಯ ಶಕ್ತಿ ಏನು, ಯಾವುದು ಸುಧಾರಿಸಬೇಕು, ಎಲ್ಲಕ್ಕೂ ಮಟ್ಟ ಒಂದು, ಎರಡು, ಮೂರು ಎಂದು ಗುರುತು ಹಾಕಬೇಕು. ಒಂದೆಂದರೆ ಬಹಳ ಹಿಂದೆ ಬಿದ್ದದ್ದು, ಮೂರೆಂದರೆ ಚೆನ್ನಾಗಿರುವುದು. ಒಂದು ನಮೂನೆಯನ್ನು ಶಾಲೆಯವರೇ ತುಂಬಬೇಕು. ಇನ್ನೊಂದನ್ನು ಬೇರೆ ಶಾಲೆಯವರು ಬಂದು ನೋಡಿ ತುಂಬುತ್ತಾರೆ.

"ಈ ಸಲ ಇದನ್ನ ಸುಮ್ನೆ ತುಂಬಬೇಡಿ ಮೇಡಂ," ಎಂದ ಮಧುಕುಮಾರ್. "ತಾಲ್ಲೂಕಿಗೆ ಬಂದ ಅತಿಥಿ ಶಿಕ್ಷಕರಲ್ಲಿ ಒಬ್ಬರು ಉಳಿದಿದಾರೆ. ಒಬ್ಬರೇ. ಇಲ್ಲಿಗೆ ಕೊಡಬೇಕೋ, ಗೆಂಡೆಹಳ್ಳಿ ಕಡೆ ಕಲ್ಲುಬೋರೆ ಅಂತ ಐತಲ್ಲ, ಅಲ್ಲಿಗೆ ಕೊಡಬೇಕೋ ಅಂತ ಯೋಚನೆ ನಡೀತಿದೆ. ಅಲ್ಲೂ ಒಬ್ಬರೇ ಮೇಷ್ಟ್ರು, ಶಿವಕುಮಾರ್ ಅಂತ. ಯಾವ ಶಾಲೆ ಹಿಂದೆ ಇದೆಯೋ ಅದಕ್ಕೆ. ಅವರ ಶಾಲೆ ನೀವು ನೋಡ್ಬೇಕು, ನಿಮ್ದು ಅವರು ನೋಡ್ತಾರೆ."

"ಇದೇನ್ ಸಾರ್, ಒಬ್ಬರ ಜುಟ್ಟು ಇನ್ನೊಬ್ಬರ ಕೈಗೆ ಕೊಟ್ಟ ಹಾಗಾಯ್ತು!"

"ಅದಕ್ಕೇ ಹೇಳಿದ್ದು, ಸುಮ್ನೆ ತುಂಬಬೇಡಿ ಅಂತ."

ಬೈಕು ಹುಲಿಕೆರೆಯ ದಾರಿಯಲ್ಲಿ ಮರೆಯಾಗುವ ತನಕ ವೇದವಲ್ಲಿ ಬಾಗಿಲಲ್ಲೇ ನಿಂತಿದ್ದಳು. ಒಬ್ಬ ಟೀಚರು. ದಿನಕ್ಕೆ ಆರು ಗಂಟೆ ಎದುರಿಗೆ ಇನ್ನೊಬ್ಬ ದೊಡ್ಡ ಮನುಷ್ಯ ಜೀವ. ಅವಳಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಮೂರನೇ ಕ್ಲಾಸಿನವನು ಸೂರ್ಯನಿಗೆ ಮೀಸೆ ಬರೆದದ್ದನ್ನು ತೋರಿಸಿ ನಗುವುದಕ್ಕೆ ಒಬ್ಬರು. ಇವತ್ತು ಸೆಕೆ ಜಾಸ್ತಿ ಅಲ್ವಾ ಎಂದರೆ ಹೌದಲ್ವಾ ಎನ್ನುವುದಕ್ಕೆ ಒಬ್ಬರು.

ಅವಳು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ಅಪ್ಪ ಅನಂತರಾಮು ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಹಳಿಗೆ ಅಂಟಿದಂತಿದ್ದ ಆ ಮನೆಯಲ್ಲಿ ಗಾಡಿ ಬಂದರೆ ಎಲ್ಲರೂ ಮಾತು ನಿಲ್ಲಿಸಿ, ಗಾಡಿ ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮತ್ತೆ ಹಿಡಿಯುತ್ತಿದ್ದರು. ಅಷ್ಟು ಮಾತಿನ ಮನೆ. ಮದುವೆಯ ಪ್ರಸ್ತಾಪ ಎರಡು ಸಲ ಬಂದು ಹೋಯಿತು. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದರು. ಐವತ್ತೆರಡರ ವೇದವಲ್ಲಿ ಈಗ ಹಳೇಬೀಡಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಬಸ್ಸಿನ ಕಂಡಕ್ಟರಿಗೆ ಟಿಕೆಟ್ಟು ಕೇಳುವಾಗ ಕೆಲವು ಬೆಳಿಗ್ಗೆ ಗಂಟಲು ಒಡೆದ ಹಾಗೆ ಆಗುತ್ತದೆ. ಅದು ಆ ದಿನದ ಮೊದಲ ಮಾತು.

ಆ ಮಧ್ಯಾಹ್ನವೇ ತನ್ನ ಶಾಲೆಯ ನಮೂನೆ ತುಂಬಲು ಕೂತಳು. ಹದಿನಾಲ್ಕು ಮಕ್ಕಳು. ಎಲ್ಲರಿಗೂ ಓದಲು ಬರುತ್ತದೆ. ಅಕ್ಷರ ಅಚ್ಚು ಹಾಕಿದ ಹಾಗೆ. ಮಗ್ಗಿ ಹದಿನೈದರವರೆಗೆ. ಬಿಸಿಯೂಟದ ಬಸಮ್ಮ ಪಾತ್ರೆ ತೊಳೆಯುತ್ತ ಅಲ್ಲಿಂದಲೇ ಹೇಳಿದಳು:

"ಶಿಸ್ತಿಗೆ ಜಾಸ್ತಿ ಹಾಕ್ಕಳಿ ಟೀಚರಮ್ಮಾರೆ. ನಮ್ ಇಸ್ಕೂಲ್ ಮಕ್ಳು ದೇವಸ್ಥಾನದಲ್ಲಿ ಕುಂತಂಗೆ ಕುಂತಿರ್ತವೆ. ಒಂದ್ ಸೊಲ್ಲಿಲ್ಲ."

ಎಲ್ಲಕ್ಕೂ ಮೂರೇ ಬಂತು. ಕಡಿಮೆ ಹಾಕಿದರೆ ಟೀಚರು ಸಿಗಬಹುದು ಎಂದು ಗೊತ್ತಿದ್ದೂ, ಓದುವ ಮಗುವಿಗೆ ಓದಲು ಬರುವುದಿಲ್ಲ ಎಂದು ಬರೆಯಲು ಕೈ ಏಳಲಿಲ್ಲ. 'ಮಕ್ಕಳು ಹೊಸಬರೊಡನೆ ಅಂಜಿಕೆಯಿಲ್ಲದೆ ಮಾತನಾಡುತ್ತಾರೆಯೇ' ಎಂಬ ಸಾಲಿಗೂ ಅದೇ ಹರಿವಿನಲ್ಲಿ ಮೂರು ಹಾಕಿದಳು. ಕೊಪ್ಪಲಿಗೆ ಹೊಸಬರು ಯಾರು ಬರುತ್ತಾರೆ?

ಮಂಗಳವಾರ ಬೇಲೂರಿನಲ್ಲಿ ಬಸ್ಸು ಬದಲಿಸಿ ಗೆಂಡೆಹಳ್ಳಿಗೆ ಹೋದಳು. ಅಲ್ಲಿಂದ ಆಟೋ. ತನ್ನ ಮಕ್ಕಳನ್ನು ಅವತ್ತಿನ ಮಟ್ಟಿಗೆ ನೋಡಿಕೊಳ್ಳಲು ಪಕ್ಕದೂರಿನ ಶಾಲೆಯ ಮೀನಾಕ್ಷಿಯನ್ನು ಕಳಿಸುವುದಾಗಿ ಮಧುಕುಮಾರ್ ಹೇಳಿದ್ದ. ದಾರಿಯುದ್ದಕ್ಕೂ ವೇದವಲ್ಲಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ನಿಮ್ಮೂರು ಯಾವುದು? ಎಷ್ಟು ವರ್ಷ ಆಯ್ತು ಬಂದು? ಹೀಗೆ.

ಜೋಡಿಸಿಕೊಂಡದ್ದು ಒಂದೂ ಬೇಕಾಗಲಿಲ್ಲ. ಆಟೋ ನಿಲ್ಲುವ ಮೊದಲೇ ಇಪ್ಪತ್ತಮೂರು ಮಕ್ಕಳು ಸುತ್ತುವರಿದು, ಹೆಸರೇನು, ಬಸ್ಸಲ್ಲಿ ಸೀಟು ಸಿಕ್ತಾ, ತಿಂಡಿ ಏನು ತಿಂದ್ರಿ ಎಂದು ಮುಗಿಬಿದ್ದರು. ಮೇಘಶ್ರೀ ಎಂಬ ಎರಡನೇ ಕ್ಲಾಸಿನ ಹುಡುಗಿ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಮಕ್ಕಳ ಹಿಂದೆ ಶಿವಕುಮಾರ್, ಮೂವತ್ತೈದರ ಒಳಗಿನ ಆಳು, ಬರುತ್ತ ಬರುತ್ತಲೇ ಮಾತು.

"ಬನ್ನಿ ಮೇಡಂ, ನಿಮ್ದು ಅರಸೀಕೆರೆ ಅಂತೆ, ನಮ್ದೂ ಅದೇ ಕಡೆ, ಮಾಲೇಕಲ್ಲಿಗೆ ಹೋಗೋ ದಾರೀಲಿ ನಮ್ ತೋಟ. ಅಪ್ಪ ಕಲ್ಲೇಶಪ್ಪ ಅಂತ, ಕೊಬ್ಬರಿ ವ್ಯಾಪಾರ. ಮಾರ್ಕೆಟ್ಟಲ್ಲಿ ಕೂತ್ರೆ ನೂರು ಜನ ಸಿಗ್ತಾರೆ ಕಣೋ, ಅಲ್ಲಿ ಹೋಗಿ ಯಾಕ್ ಕೂತಿದೀಯ ಅಂತಾರೆ. ಕಾಫಿ ಕುಡೀತೀರ? ಹಾಲಿಲ್ಲ. ಇರಿ, ತರಿಸ್ತೀನಿ."

ಸಂಜೆಯ ತನಕ ಅವನು ನಿಲ್ಲಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಾನೇ ನಾಚಿ, "ತಪ್ಪು ತಿಳ್ಕೋಬೇಡಿ ಮೇಡಂ. ದೊಡ್ಡೋರ ಜೊತೆ ಮಾತಾಡಿ ಎಂಟು ದಿನ ಆಗಿತ್ತು" ಎಂದ. ವೇದವಲ್ಲಿ "ಹೂಂ" ಎಂದಳು. ಹೇಳಬೇಕಾದದ್ದು ಬೇಕಾದಷ್ಟಿತ್ತು. ಬಂದದ್ದು ಅಷ್ಟೇ.

ನಮೂನೆ ತುಂಬುವಾಗ ಅವಳು ಯಾವುದನ್ನೂ ಮುಚ್ಚಲಿಲ್ಲ. ಐದನೆಯ ಕ್ಲಾಸಿನ ಮಕ್ಕಳು ಕಳೆಯುವ ಲೆಕ್ಕದಲ್ಲಿ ದಶಕ ತರುವುದನ್ನು ಮರೆಯುತ್ತಿದ್ದರು. ಮಟ್ಟ ಒಂದು. ಬರವಣಿಗೆ ಕೋಳಿ ಕೆದರಿದಂತೆ. ಮಟ್ಟ ಒಂದು. ಮಾತು, ಪ್ರಶ್ನೆ ಕೇಳುವುದು, ಧೈರ್ಯ: ಮೂರು. ಕಲ್ಲುಬೋರೆಯ ಮಕ್ಕಳು ಅವರ ಮೇಷ್ಟ್ರ ಹಾಗೆಯೇ ಇದ್ದರು. ಹಾಗೆಂದುಕೊಂಡ ಕ್ಷಣ ಪೆನ್ನು ನಿಂತಿತು. ತನ್ನ ಮಕ್ಕಳು ಯಾರ ಹಾಗಿದ್ದಾರೆ?

ಮಾರನೆಯ ದಿನ ಶಾಲೆಗೆ ಬಂದಾಗ ಬಸಮ್ಮ ಹೆಮ್ಮೆಯಿಂದ ಎದುರು ಬಂದಳು.

"ನಿನ್ನೆ ಆ ಮೀನಾಕ್ಷಿ ಟೀಚರಮ್ಮಂಗೆ ಏನೋ ತರಬೇತಿ ಅಂತ ಫೋನ್ ಬಂತು, ಹನ್ನೊಂದ್ ಗಂಟೆಗೇ ಹೊಂಟೋದ್ರು. ನಾನ್ ಉಣ್ಣಕ್ಕಿಕ್ಕಿ ನೋಡ್ತೀನಿ, ನಿಮ್ ಮಕ್ಳು ಬಾಯ್ ಬಿಟ್ಟಿಲ್ಲ ಕಣ್ರವ್ವ. ನಾಕ್ ಗಂಟೆ ಗಂಟ ಕೈಕಟ್ಕಂಡ್ ಕುಂತಿದ್ವು! ಯಾವ್ ಇಸ್ಕೂಲಲ್ಲಿ ಐತೆ ಹೇಳಿ?"

ವೇದವಲ್ಲಿ ಒಳಗೆ ಹೋದಳು. ಹದಿನಾಲ್ಕು ಜನ ಒಟ್ಟಿಗೆ ಎದ್ದು ನಿಂತು, ಒಟ್ಟಿಗೆ ನಮಸ್ಕಾರ ಹೇಳಿ, ಒಟ್ಟಿಗೆ ಕೂತರು. ಐದನೆಯ ಕ್ಲಾಸಿನ ಗಾನವಿಯನ್ನು ಕೇಳಿದಳು.

"ನಿನ್ನೆ ಟೀಚರ್ ಹೋದ ಮೇಲೆ ಏನ್ ಮಾಡಿದ್ರಿ?"

ಗಾನವಿ ಎದ್ದು ಕೈಕಟ್ಟಿದಳು. "ಸುಮ್ನೆ ಕೂತಿದ್ವಿ ಮಿಸ್."

"ಆಟ ಆಡ್ಲಿಲ್ವಾ? ಒಬ್ಬರ ಹತ್ತಿರ ಒಬ್ಬರು ಮಾತೂ ಆಡ್ಲಿಲ್ವಾ?"

"ಇಲ್ಲ ಮಿಸ್." ಶಹಭಾಸ್ ಎನ್ನುತ್ತಾರೆಂದು ಹುಡುಗಿ ಕಾದಳು.

ಅವತ್ತು ಪಾಠ ಎಂದಿನಂತೆ ನಡೆಯಿತು. ಬಸಮ್ಮ ಮನೆಗೆ ಹೋದ ಮೇಲೆ, ಮಕ್ಕಳು ನೆರಳಲ್ಲಿ ಸಾಲಾಗಿ ಕೂತು ಕಾಪಿ ಬರೆಯುತ್ತಿದ್ದಾಗ, ವೇದವಲ್ಲಿ ತನ್ನ ನಮೂನೆ ಹೊರತೆಗೆದಳು. ಹೊಸಬರೊಡನೆ ಮಾತನಾಡುತ್ತಾರೆಯೇ ಎಂಬ ಸಾಲಿನ ಮೂರನ್ನು ಹೊಡೆದು ಒಂದು ಎಂದು ಬರೆದಳು. ಪ್ರಶ್ನೆ ಕೇಳುತ್ತಾರೆಯೇ: ಒಂದು. ಸುಧಾರಿಸಬೇಕಾದದ್ದು ಎಂಬಲ್ಲಿ ಒಂದೇ ಸಾಲು ಜಾಗವಿತ್ತು. ಅವಳ ದುಂಡನೆಯ ಅಕ್ಷರ ಅದನ್ನು ಮೀರಿ ಅಂಚಿಗೆ ಹತ್ತಿತು. "ಈ ಶಾಲೆಯ ಶಿಕ್ಷಕಿಗೆ ಮಾತನಾಡುವ ರೂಢಿ ತಪ್ಪಿದೆ. ಅದು ಮಕ್ಕಳಿಗೂ ಬಂದಿದೆ. ಮಕ್ಕಳ ಕಿವಿಗೆ ದೊಡ್ಡವರಿಬ್ಬರು ಮಾತನಾಡುವುದು ಬೀಳಬೇಕು. ಆದ್ದರಿಂದ ಇನ್ನೊಬ್ಬರು ಬೇಕು."

ಬರೆದು ಓದಿಕೊಂಡಾಗ ಮುಖ ಬಿಸಿಯಾಯಿತು. ಟೀಚರಿಗಾಗಿ ಮಾಡಿದ ಉಪಾಯದಂತೆ ಕಾಣುತ್ತಿತ್ತು. ಉಪಾಯವಾಗಿರಲಿಲ್ಲ. ಆದರೂ ಅದು ಹನ್ನೊಂದು ವರ್ಷದ ಕೆಲಸದ ಮೇಲೆ ತಾನೇ ಎಳೆದ ಗೀಟು.

ಶುಕ್ರವಾರ ಶಿವಕುಮಾರ್ ಬಂದ. ಗೋಡೆಯ ಚಿತ್ರ, ಕಾಪಿ ಪುಸ್ತಕ ನೋಡಿ ಬೆರಗಾದ. "ಇದೇನ್ ಮೇಡಂ, ಒಂದೂ ಗೀಚಿಲ್ಲ!" ಆಮೇಲೆ ಮಕ್ಕಳ ನಡುವೆ ಕೂತ. ನಿಮ್ಮೂರಲ್ಲಿ ಕೋತಿ ಎಷ್ಟಿದಾವೆ ಎಂದು ಕೇಳಿದ. ಮಕ್ಕಳು ಇನ್ನಷ್ಟು ನೆಟ್ಟಗೆ ಕೂತರು. ಕೋತಿಯ ಹಾಗೆ ಕೆರೆದುಕೊಂಡು ತೋರಿಸಿದ. ಒಂದಿಬ್ಬರು ವೇದವಲ್ಲಿಯ ಮುಖ ನೋಡಿದರು. ನಗಬಹುದೋ ಬಾರದೋ ಎಂದು ಆ ಕಣ್ಣುಗಳು ಕೇಳುತ್ತಿದ್ದವು. ಅವಳು ನಗಲು ನೋಡಿದಳು. ಅದು ಹೇಗೆ ಕಂಡಿತೋ, ಮಕ್ಕಳು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನಲ್ಲಿ ಮಾತಿನ ಮಲ್ಲನಾದ ಶಿವಕುಮಾರನೂ ಸುಮ್ಮನಾಗಿಬಿಟ್ಟ.

ಮಧ್ಯಾಹ್ನ ಮೇಜಿನ ಮುಂದೆ ಕೂತು ಮೂರು, ಮೂರು, ಮೂರು ಎಂದು ಹಾಕುತ್ತ ಬಂದವನ ಪೆನ್ನು ಹೊಸಬರೊಡನೆ ಮಾತನಾಡುವ ಸಾಲಿಗೆ ಬಂದು ನಿಂತಿತು.

"ಒಂದು ಹಾಕಿ," ಎಂದಳು ವೇದವಲ್ಲಿ. ತನ್ನ ನಮೂನೆಯನ್ನು ಅವನ ಕಡೆ ತಳ್ಳಿದಳು.

ಅವನು ಅಂಚಿಗೆ ಹತ್ತಿದ ಸಾಲುಗಳನ್ನು ಓದಿದ. ಕಿವಿ ಕೆಂಪಾಯಿತು.

"ಹಾಕಿದ್ರೆ ಟೀಚರ್ ನಿಮಗೆ ಬರ್ತಾರೆ ಮೇಡಂ."

"ಗೊತ್ತು ಕಣ್ರೀ."

"ನಂದು ಇಪ್ಪತ್ತಮೂರು ಮಕ್ಕಳು. ನನ್ನ ಶಾಲೆಗೆ ನೀವು ಒಂದೊಂದು ಹಾಕಿದೀರಿ. ಸರಿಯಾಗೇ ಹಾಕಿದೀರಿ." ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ನಂಗೂ ಒಬ್ರು ಬೇಕು ಮೇಡಂ. ಇಲ್ಲ ಅಂದ್ರೆ ನಾನು ಬಿಟ್ಟು ಓಡ್ಹೋಗ್ತೀನಿ. ನಿಮ್ಮ ಹಾಗೆ ಇರಕ್ಕೆ ಆಗಲ್ಲ ನನ್ನ ಕೈಲಿ."

ನಿಮ್ಮ ಹಾಗೆ ಎಂಬ ಮಾತು ಮೇಜಿನ ಮೇಲೆ ಬಿದ್ದುಕೊಂಡಿತು. ಅವನು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದ. ವೇದವಲ್ಲಿಗೆ ಹೇಳಲಿಕ್ಕೆ ಮಾತಿತ್ತು. ನಿಮ್ಮ ಮಕ್ಕಳಿಗೆ ಕಳೆಯುವ ಲೆಕ್ಕ ಒಂದು ತಿಂಗಳಲ್ಲಿ ಬರುತ್ತದೆ, ನನ್ನ ಮಕ್ಕಳ ಬಾಯಿ ಒಂದು ತಿಂಗಳಲ್ಲಿ ಬರುವುದಿಲ್ಲ ಎಂದು ಹೇಳಬೇಕಿತ್ತು. ಬೇಡಿಕೊಳ್ಳಬೇಕಿತ್ತು, ಜಗಳವಾದರೂ ಆಡಬೇಕಿತ್ತು. ಅವಳು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಅವನು ಬರೆದು ಮುಗಿಸಿದ್ದ. ಮಟ್ಟ ಮೂರು. ಒತ್ತಿ ಬರೆದದ್ದಕ್ಕೆ ಶಾಯಿ ಹರಡಿತ್ತು. ಕಣ್ಣೆತ್ತದೆ ಚೀಲ ತೆಗೆದುಕೊಂಡು, "ಬರ್ತೀನಿ ಮೇಡಂ" ಎಂದು ಹೊರಟ.

ಹನ್ನೆರಡು ದಿನಕ್ಕೆ ಮಧುಕುಮಾರ್ ಫೋನ್ ಮಾಡಿದ. ಹೊರಗಿನವರು ಕೊಟ್ಟ ಗುರುತನ್ನೇ ಲೆಕ್ಕಕ್ಕೆ ತಗೊಂಡಿದಾರೆ, ಟೀಚರು ಕಲ್ಲುಬೋರೆಗೆ ಎಂದ. "ನಿಮ್ಮ ಶಾಲೆ ಇಡೀ ಹೋಬಳಿಗೇ ಮೇಲು ಮೇಡಂ! ಆದ್ರೆ ನೀವೇ ನಿಮಗೆ ಒಂದು ಹಾಕ್ಕೊಂಡಿದೀರಲ್ಲ, ಆಫೀಸಲ್ಲಿ ನೋಡಿ ನಗ್ತಿದ್ರು. ವಿನಯ ಜಾಸ್ತಿ ಆಯ್ತು ಅಂತ."

ಫೋನಿಟ್ಟು ವೇದವಲ್ಲಿ ತರಗತಿಗೆ ಬಂದಳು. ಸೀಮೆಸುಣ್ಣ ಕೈಗೆ ತೆಗೆದುಕೊಂಡವಳು ಅದನ್ನು ಹಾಗೇ ಇಟ್ಟು, ಮಕ್ಕಳ ಜಮಖಾನದ ಅಂಚಿನಲ್ಲಿ ನೆಲದ ಮೇಲೆ ಕೂತಳು. ಮಕ್ಕಳು ಸರಿದು ಜಾಗ ಬಿಟ್ಟರು.

"ನಮ್ಮ ಸ್ಕೂಲಿಗೆ ಇನ್ನೊಬ್ಬ ಟೀಚರ್ ಬರ್ಬೇಕಿತ್ತು," ಎಂದಳು. "ಬರಲ್ಲ ಅಂತ ಈಗ ಗೊತ್ತಾಯ್ತು."

ಪಾಠಕ್ಕೂ ಶಿಸ್ತಿಗೂ ಸೇರದ ತನ್ನ ಮಾತನ್ನು ಅವಳು ಅವರೆದುರು ಆಡಿದ್ದು ಅದೇ ಮೊದಲು. ಬರೆದುಕೊಳ್ಳಬೇಕೇನೋ ಎಂದು ಒಬ್ಬನು ಪುಸ್ತಕ ತೆರೆದ. ಅವಳು ಕಾದಳು. ಕಾಯುವುದು ಅವಳಿಗೆ ಗೊತ್ತಿದ್ದ ಕೆಲಸ.

"ಯಾಕ್ ಮಿಸ್?" ಎಂದದ್ದು ಒಂದನೇ ಕ್ಲಾಸಿನ ಸ್ಪಂದನಾ. ಶಾಲೆಗೆ ಸೇರಿ ಎರಡೇ ತಿಂಗಳಾಗಿತ್ತು, ಎದ್ದು ನಿಲ್ಲಬೇಕೆಂಬುದು ಮರೆತಿತ್ತು.

"ಯಾಕೆ ಅಂದ್ರೆ, ಅಲ್ಲಿ ಒಬ್ಬರು ಮೇಷ್ಟ್ರು ಒಬ್ಬರೇ ಇದಾರೆ. ಅವರಿಗೆ ಬೇಜಾರು."

"ನೀವೂ ಒಬ್ರೇ ಅಲ್ವಾ ಮಿಸ್?"

"ಹೂಂ ಕಣೇ. ನಾನೂ ಒಬ್ಬಳೇ."

ಅನ್ನುವಾಗ ಧ್ವನಿ ಎಲ್ಲಿ ತಪ್ಪುತ್ತದೋ ಎಂದು ಹೆದರಿದ್ದಳು. ತಪ್ಪಲಿಲ್ಲ. ಸ್ಪಂದನಾ ಒಂದು ಕ್ಷಣ ಯೋಚಿಸಿ ತಲೆಯಾಡಿಸಿದಳು. ಆಮೇಲೆ, "ನೀರ್ ಕುಡ್ಕೊಂಡ್ ಬರ್ಲಾ ಮಿಸ್?" ಎಂದಳು.

"ಹೋಗ್ ಬಾ."

ಹುಡುಗಿ ಓಡಿದಳು. ಗಾನವಿ ಪಕ್ಕದವಳ ಕಿವಿಯಲ್ಲಿ ಏನೋ ಅಂದು, ತಟ್ಟನೆ ಟೀಚರ ಕಡೆ ನೋಡಿದಳು. ವೇದವಲ್ಲಿ ಕಿಟಕಿಯ ಆಚೆ ನೋಡುತ್ತ ಕೂತಳು. ಪಕ್ಕದವಳು ಏನೋ ಉತ್ತರ ಕೊಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಿಧಾನವಾಗಿ ಜಮಖಾನದ ಆ ತುದಿಯಿಂದ ಈ ತುದಿಗೆ ಗುಸುಗುಸು ಹರಡಿತು, ಏರಿತು. ಯಾರದೋ ಕರು, ಯಾರದೋ ಕಳೆದುಹೋದ ಪೆನ್ಸಿಲು. ಒಂದು ಮಾತೂ ಅವಳನ್ನು ಉದ್ದೇಶಿಸಿ ಬರಲಿಲ್ಲ. ಹದಿನಾಲ್ಕು ಮಕ್ಕಳ ಸದ್ದಿನ ನಡುವೆ ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಒಂದು ಸಲವೂ "ಶ್" ಎನ್ನದೆ, ಗಂಟೆ ಹೊಡೆಯುವ ಹೊತ್ತು ಮೀರುವ ತನಕ ಕೂತೇ ಇದ್ದಳು.