ಮಂಜಿನ ದಾರಿಯ ಹೆಲ್ಮರ್

ಫಿನ್ಲೆಂಡಿನ ಕಡಲತಡಿಯ ನಮ್ಮ ಪಂಚಾಯಿತಿಯಲ್ಲಿ ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾರೆ, ಸ್ವೀಡಿಷಿನಲ್ಲಿ ಒಮ್ಮೆ, ಫಿನ್ನಿಷಿನಲ್ಲಿ ಒಮ್ಮೆ. ಸಭೆ ಮುಗಿಯುವಷ್ಟರಲ್ಲಿ ಕಾಫಿ ಆರಿ ತಣ್ಣಗಾಗಿರುತ್ತದೆ. ಇಂಥ ಊರಿನಲ್ಲಿ ಹೆಲ್ಮರ್ ಒಂದೇ ಭಾಷೆಯಲ್ಲಿ ಮುದುಕನಾದ. ಫಿನ್ನಿಷ್ ಕೇಳಿದರೆ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಹರೆಯದಲ್ಲಿ ಸೈನ್ಯದ ತರಬೇತಿಗೆ ಹೋದಾಗ ಅವನಾಡಿದ ಒಂದು ವಾಕ್ಯಕ್ಕೆ ಜೊತೆಯವರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದರಂತೆ. ಅಂದಿನಿಂದ ಫಿನ್ನಿಷ್ ಮಾತಾಡುವವರು ಎದುರಾದರೆ ತಲೆಯಾಡಿಸಿ ‘ಹೂಂ, ಹೂಂ’ ಎನ್ನುವುದಷ್ಟೇ. ಅಂಚೆಯವನಿಗೂ ಹೂಂ, ಹಲ್ಲಿನ ಡಾಕ್ಟರಿಗೂ ಹೂಂ. ಹೆಂಡತಿ ಸ್ವೆಯಾ ಅವನನ್ನು ಆಸ್ಪತ್ರೆಗೆ ಒಬ್ಬನೇ ಕಳಿಸುತ್ತಿರಲಿಲ್ಲ. ಇರುವ ಹಲ್ಲನ್ನೆಲ್ಲ ಕೀಳಿಸಿಕೊಂಡು ಬಂದಾನು ಎಂದು ಹೆದರಿಕೆ.

ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದ ಮೇಲೆ ದ್ವೀಪದವರೆಗೆ ದಾರಿ ಗುರುತು ಮಾಡುವುದು ಅವನ ಕೆಲಸ. ಮಂಜುಗಡ್ಡೆಗೆ ತೂತು ಕೊರೆದು ಜುನಿಪರ್ ಎಂಬ ಹಸಿರು ಪೊದೆಯ ಕೊಂಬೆಗಳನ್ನು ಸಾಲಾಗಿ ನೆಡುತ್ತಿದ್ದ. ಕೊಂಬೆ ಇದ್ದ ಕಡೆ ನಾವು ಕಣ್ಣುಮುಚ್ಚಿ ನಡೆಯುತ್ತಿದ್ದೆವು.

ಒಂದು ವರ್ಷ ಮಾರ್ಚಿನ ಒಂದು ಬೆಳಿಗ್ಗೆ, ಆ ದಾರಿಯ ಹದ್ದುಬಂಡೆಯ ಬಳಿ ನೀರಿನ ಸೆಳೆತ ಅಡಿಯಿಂದ ಮಂಜುಗಡ್ಡೆಯನ್ನು ತಿಂದುಹಾಕಿದ್ದು ಅವನ ಕಣ್ಣಿಗೆ ಬಿತ್ತು. ಹಳೆಯ ಕೊಂಬೆಗಳನ್ನು ಆಗಲೇ ಕಿತ್ತುಬಿಡಬೇಕಿತ್ತು. ಹೊಸವನ್ನು ತಂದೇ ಬದಲಿಸೋಣವೆಂದು ದಡಕ್ಕೆ ಬಂದ. ಅಲ್ಲಿ ಔಲಿಸ್ ಸಿಕ್ಕಿದ. ಒಳನಾಡಿನಿಂದ ಬಂದು ಪಕ್ಕದ ಮನೆ ಕೊಂಡಿದ್ದ ಫಿನ್ನಿಷ್ ಮಾತಿನವನು. ಗಡ್ಡೆಯ ಕೆಳಗೆ ಬಿಟ್ಟಿದ್ದ ಮೀನುಬಲೆ ಎತ್ತಲು ಹೊರಟಿದ್ದವನು, ಬಂಡೆಯ ದಾರಿಯಲ್ಲೇ ಹೋಗಬಹುದೇ ಎಂದು ಕೇಳಿದ.

ಪ್ರಶ್ನೆ ಹೆಲ್ಮರ್‌ಗೆ ಚೆನ್ನಾಗಿಯೇ ಅರ್ಥವಾಯಿತು. ಆದರೆ ಬಂಡೆ, ಸೆಳೆತ, ಸುತ್ತಿಕೊಂಡು ಹೋಗು ಎಂಬುದನ್ನೆಲ್ಲ ಫಿನ್ನಿಷಿನಲ್ಲಿ ಜೋಡಿಸಬೇಕಲ್ಲ. ಪಕ್ಕದಲ್ಲಿ ದೋಣಿಮನೆಯ ಮುಂದೆ ನಾವು ನಾಲ್ಕೈದು ಜನ ಬಲೆ ಬಿಡಿಸುತ್ತ ಕೂತಿದ್ದೆವು. ಬೇರೆಯವರ ತಪ್ಪಿಗೆ ನಗುವುದರಲ್ಲಿ ನಾವೇನು ಕಡಿಮೆಯಿಲ್ಲ. ಅವನು ‘ಹೂಂ, ಹೂಂ’ ಎಂದುಬಿಟ್ಟ. ಔಲಿಸ್ ಬಂಡೆ ತಲುಪುವುದರೊಳಗೆ ಹೋಗಿ ಗುರುತು ಬದಲಿಸಿದರಾಯಿತು ಎಂದುಕೊಂಡನಂತೆ.

ಔಲಿಸನ ಕೂಗು ಕೇಳಿದಾಗ ಹೆಲ್ಮರ್‌ನ ತೋಳ ತುಂಬ ಕೊಂಬೆಗಳಿದ್ದವು. ನಾವು ಎದ್ದು ಓಡುವಷ್ಟರಲ್ಲಿ ಅವನು ಹೊಟ್ಟೆಯ ಮೇಲೆ ತೆವಳಿ ಹೋಗಿ, ಹಗ್ಗ ಎಸೆದು, ಗಡ್ಡೆ ಒಡೆದು ಬಿದ್ದಿದ್ದ ಔಲಿಸನನ್ನು ನೀರಿನಿಂದ ಎಳೆದಿದ್ದ. ಜೀವ ಉಳಿಯಿತು. ಔಲಿಸನ ಬಲಗೈಯ ಎರಡು ಬೆರಳು ಚಳಿಗೆ ಸತ್ತುಹೋದವು, ಕತ್ತರಿಸಬೇಕಾಯಿತು.

ಊರಿಗೆ ಊರೇ ಹೆಲ್ಮರ್‌ನನ್ನು ಹೊಗಳಿತು. ಅಂಗಡಿಯಲ್ಲಿ ಬೆನ್ನು ತಟ್ಟಿದರು, ಅವನು ಅಂಗಡಿಗೆ ಹೋಗುವುದನ್ನೇ ಬಿಟ್ಟ. ಔಲಿಸ್ ಬೇಲಿಯಾಚೆಯಿಂದ ಕಟ್ಟು ಹಾಕಿದ ಕೈ ಎತ್ತಿದರೆ ಇವನು ಒಳಗೆ ಓಡುತ್ತಿದ್ದ. ಮುದುಕನಿಗೆ ಸಂಕೋಚ ಎಂದು ನಾವು ನಗಾಡಿಕೊಂಡೆವು. ಸ್ವೆಯಾ ಕೆದಕಿ ಕೇಳಿದ್ದಕ್ಕೆ ಗೋಡೆಯ ಕಡೆ ಮುಖ ಮಾಡಿ, “ಆ ಕೈ ನೋಡಿದ್ರೆ ನನ್ ಬಾಯಿ ಮೇಲೆ ನಂಗೇ ಅಸಹ್ಯ ಆಗುತ್ತೆ ಕಣೇ” ಅಂದನಂತೆ. ಅವಳಿಗೆ ಆಗ ತಲೆಬುಡ ಗೊತ್ತಾಗಲಿಲ್ಲ.

ವಸಂತದಲ್ಲಿ ಅಗ್ನಿಶಾಮಕದವರ ಸಭಾಂಗಣದಲ್ಲಿ ಅವನಿಗೆ ಸನ್ಮಾನ ಇಟ್ಟರು. ಕೇಕು, ಕಾಫಿ, ಪಂಚಾಯಿತಿ ಅಧ್ಯಕ್ಷೆಯ ಭಾಷಣ. ಹೊಗಳಿಕೆಯೂ ಎರಡೆರಡು ಸಲ. ಮೊದಲನೆಯದಕ್ಕೆ ಅವನ ಕಿವಿ ಕೆಂಪಾಯಿತು, ಎರಡನೆಯದು ಮುಗಿಯುವ ಮೊದಲೇ ಎದ್ದು ನಿಂತ. ಸ್ವೀಡಿಷಿನಲ್ಲಿ ಹೇಳಿದ್ದರೆ ಯಾರಾದರೂ ಫಿನ್ನಿಷಿಗೆ ತಿರುಗಿಸಿ ಹೇಳುತ್ತಿದ್ದರು. ಅವನು ಔಲಿಸನ ಕಡೆ ನೋಡಿ ಫಿನ್ನಿಷಿನಲ್ಲೇ ಶುರುಮಾಡಿದ.

“ನೀನು ಕೇಳಿದೆ. ನಾನು ಗೊತ್ತಿತ್ತು. ಅಲ್ಲಿ ಗಡ್ಡೆ ಕೆಟ್ಟ ಇತ್ತು. ನಾನು ಹೂಂ ಹೇಳಿದೆ. ಮಾತು ತುಂಬ ಬೇಕು, ನನಗೆ ಇಲ್ಲ. ನಾಚಿಕೆ ಆಯ್ತು.”

ಯಾರೂ ನಗಲಿಲ್ಲ. ದೋಣಿಮನೆಯ ಮುಂದೆ ಕೂತಿದ್ದವರು ನಾವು, ನೆಲ ನೋಡಿದೆವು. ಔಲಿಸ್ ಕೈಯನ್ನು ಮೇಜಿನ ಕೆಳಗೆ ಇಳಿಸಿದ. ಅವನ ಹೆಂಡತಿ ಐಲಿ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು ಕೇಳಿದಳು:

“ತುಂಬ ಮಾತು ಯಾಕೆ ಬೇಕಿತ್ತು ಹೆಲ್ಮರ್? ‘ಬೇಡ’ ಅಂದಿದ್ರೆ ಸಾಕಿತ್ತು. ಅದೊಂದು ಮಾತು ಮಗೂಗೂ ಬರುತ್ತೆ.”

 

ಮುಂದಿನ ಚಳಿಗಾಲದಿಂದ ಸಾಯುವ ತನಕ, ಬೆಳಿಗ್ಗೆ ಗಡ್ಡೆ ನೋಡಿ ಬಂದ ಹೆಲ್ಮರ್ ಮೊದಲು ಔಲಿಸನ ಮನೆಯ ಬಾಗಿಲು ತಟ್ಟುತ್ತಿದ್ದ. ಐಲಿ ತೆರೆದರೆ ‘ಇವತ್ತು ಹೋಗಬಹುದು’ ಅಥವಾ ‘ಇವತ್ತು ಬೇಡ’ ಎಂದು ಫಿನ್ನಿಷಿನಲ್ಲಿ ಹೇಳಿ ತಿರುಗುತ್ತಿದ್ದ. ನಮ್ಮೂರಿನಲ್ಲಿ ಬಾಗಿಲಿಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದಿಲ್ಲ. ಐಲಿ ಒಂದು ದಿನವೂ ಒಳಗೆ ಕರೆಯಲಿಲ್ಲ. ಅವನೂ ಮೆಟ್ಟಿಲು ಹತ್ತಲಿಲ್ಲ.